ಮೊದಲೇ ಮಾರಿದ ಡಾಲರ್

ಡಾಲರ್ ಬೆಲೆ ಏರಿದ ದಿನ ಶಿವಲಿಂಗಪ್ಪನವರು ತುಮಕೂರಿನ ಬ್ರೋಕರ್ ಆಫೀಸಿನಲ್ಲಿ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಕೂರುತ್ತಿದ್ದರು. ಗುಬ್ಬಿಯ ಬಳಿ ಅವರದು ತೆಂಗಿನ ನಾರಿನ ಫ್ಯಾಕ್ಟರಿ. ಮ್ಯಾಟ್‌ಗಳು ಹೊರದೇಶಕ್ಕೆ ಹೋಗಿ, ಹಣ ಡಾಲರಿನಲ್ಲಿ ಬರುತ್ತಿತ್ತು. ಡಾಲರ್ ಏರಿದರೆ ಹಿಗ್ಗಬೇಕಾದವರು ಹೀಗೇಕೆ? ಪತ್ರಿಕೆಗೆ ಪೇಟೆ ಸುದ್ದಿ ಬರೆಯಲೆಂದು ಅಲ್ಲಿಗೆ ಹೋಗುತ್ತಿದ್ದ ನಾನು ಕೇಳಿದೆ.

"ಡಾಲರ್ ಬರೋದು ಮೂರು ತಿಂಗಳಿಗೆ ಕಣಪ್ಪ. ಆವತ್ತು ರೇಟು ಏನಿರ್ತದೋ ಯಾರ್ ಕಂಡವ್ರೆ? ಅದಕ್ಕೆ ಫ್ಯೂಚರ್ಸ್ ಅಂತಾರಲ್ಲ, ಆ ಮುಂಗಡ ವ್ಯಾಪಾರದಲ್ಲಿ ಇವತ್ತೇ ಒಂದು ರೇಟಿಗೆ ಮಾರಿಟ್ಟಿದೀನಿ. ಇಳಿದ್ರೆ ಮಾಲಲ್ಲಿ ಹೋಗಿದ್ದು ಇಲ್ಲಿ ಬತ್ತದೆ. ಏರಿದ್ರೆ ಇಲ್ಲಿ ಹೋಗಿದ್ದು ಮಾಲಲ್ಲಿ ಬತ್ತದೆ. ನಂಗೆ ಲಾಭ ಬ್ಯಾಡ, ನಿದ್ದೆ ಬಂದ್ರೆ ಸಾಕು."

ತೊಡಕಿದ್ದದ್ದು ದಿನದಿನದ ಚುಕ್ತಾದಲ್ಲಿ. ಡಾಲರ್ ಏರಿದಷ್ಟೂ ಮಾರಿದವರ ಖಾತೆಯಿಂದ ಅಂದಂದೇ ಹಣ ಕಡಿತ. ಆ ಮೆಸೇಜು ಪಾಲುದಾರನಾದ ತಮ್ಮ ಮಂಜಣ್ಣನವರ ಫೋನಿಗೂ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಮಂಜಣ್ಣ ಆಫೀಸಿಗೇ ಬಂದರು. "ಏನಣ್ಣ, ವಾರದಿಂದ ಬರೀ ಹೋಗ್ತಾನೇ ಅದೆ. ಇಸ್ಪೀಟಾಡಿದ್ರೂ ಒಂದಾಟ ಗೆಲ್ತಿದ್ದೆ!"

"ಡಾಲರ್ ಬಂದಾಗ ಸರಿಹೋಗ್ತದೆ ಕಣೋ."

"ಬರೋದು ಯಾವಾಗ್ಲೋ, ಹೋಗೋದು ದಿನಾ. ಇದಿರ್ಬೇಕು, ಇಲ್ಲ ನಾನಿರ್ಬೇಕು."

ಶಿವಲಿಂಗಪ್ಪನವರು ತಮ್ಮನ ಮುಖವನ್ನೇ ನೋಡಿದರು. ಆಮೇಲೆ ಬ್ರೋಕರ್ ಕಡೆ ತಿರುಗಿ, "ಮಾರಿಟ್ಟಿದ್ದೆಲ್ಲಾ ವಾಪಸ್ ಕೊಂಡು ತೆಗೆದಾಕ್ಬುಡಪ್ಪ," ಎಂದರು.

ಮುಂದಿನ ತಿಂಗಳು ಡಾಲರ್ ಇಳಿಯಿತು, ಅವರು ಮಾರಿಟ್ಟಿದ್ದ ದರಕ್ಕಿಂತಲೂ ಕೆಳಕ್ಕೆ. ಮಾಲಿನ ಹಣ ಬಂದದ್ದು ಆಗ. ಫ್ಯೂಚರ್ಸಿನಲ್ಲಿ ಕಡಿತವಾದದ್ದು ಹೋಗಿತ್ತು, ಮಾಲಿಗೂ ಕಡಿಮೆ ಬಂತು; ಎರಡೂ ಕಡೆ ನಷ್ಟ. ಮಂಜಣ್ಣ ಎಲ್ಲವನ್ನೂ ಅಣ್ಣನ ತಲೆಗೆ ಕಟ್ಟಿ, ಪಾಲು ತೆಗೆದುಕೊಂಡು ಕುಣಿಗಲ್ಲಿಗೆ ಹೋದರು.

"ಅವರು ತೆಗೆಸಿದ್ದಕ್ಕೇ ನಷ್ಟ ಆಯ್ತು ಅಂತ ಹೇಳಬಹುದಿತ್ತಲ್ಲ?" ಎಂದು ಶಿವಲಿಂಗಪ್ಪನವರನ್ನು ಕೇಳಿದೆ.

"ಹೇಳಿದ್ರೆ ಜೀವಮಾನವೆಲ್ಲ ಕೊರಗ್ತಾನೆ. ನನ್ನ ಬೈಕೊಂಡಿರ್ಲಿ ಬುಡು."

ಡಾಲರ್ ಫ್ಯೂಚರ್ಸ್ ನಿಜವಾದ ಡಾಲರ್ ವ್ಯವಹಾರ ಇದ್ದವರಿಗೆ ಮಾತ್ರ ಎಂಬ ನಿಯಮ ಬಿಗಿಯಾದ ಮೇಲೆ, ಬರೀ ಏರಿಳಿತದ ಮೇಲೆ ಹಣ ಕಟ್ಟುತ್ತಿದ್ದವರು ಬರುವುದು ನಿಂತು, ಬ್ರೋಕರ್ ಆಫೀಸಿನ ಆ ಮೇಜಿನ ಸುತ್ತಲಿನ ಕುರ್ಚಿಗಳು ಖಾಲಿಯಾದವು. ಶಿವಲಿಂಗಪ್ಪನವರೊಬ್ಬರೇ ಉಳಿದರು. ಊಟದ ಡಬ್ಬಿ ತೆರೆದಾಗ ಎದುರಿನ ಕುರ್ಚಿಗಳತ್ತ ನೋಡಿ "ಬನ್ನಿ" ಎನ್ನುವ ಅಭ್ಯಾಸ ಮಾತ್ರ ಹೋಗಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಮಂಜಣ್ಣ ನನ್ನನ್ನು ಹುಡುಕಿಕೊಂಡು ಬಂದರು. "ಅಣ್ಣ ಮಾಡ್ತಿದ್ದಿದ್ದು ಏನು ಅಂತ ಒಂದ್ಸಲ ಬಿಡಿಸಿ ಹೇಳಿ ಸಾರ್."

ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಅಂಕಿಗಳ ಮೇಲೆ ಬೆರಳಿಟ್ಟು ತಾವೇ ಮತ್ತೆ ಲೆಕ್ಕ ಹಾಕಿದರು.

"ಅವತ್ತು ನಾನು ತೆಗೆಸ್ದೇ ಇದ್ದಿದ್ರೆ?"

"ನಷ್ಟ ಆಗ್ತಿರಲಿಲ್ಲ."

"ಅಣ್ಣಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ. ಸುಳ್ಳು ಹೇಳಬಹುದಿತ್ತು. ಶಿವಲಿಂಗಪ್ಪನವರಾಗಿದ್ದರೆ ಹೇಳುತ್ತಿದ್ದರು.