ಹತ್ತಿರದ ಕ್ಯಾಮರಾ, ದೂರದ ಕ್ಯಾಮರಾ

ಯಾವ ಕ್ಯಾಮರಾ ಕೊಳ್ಳಲಿ ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜದ ಗಾತ್ರ, ಬಣ್ಣ, ಕಪ್ಪು ಚುಕ್ಕೆ ನೋಡಿ ದರ್ಜೆ ಹಾಕುತ್ತಿದ್ದವನು ನಾನು. ದಿನವಿಡೀ ಇದು ಎ, ಅದು ಬಿ ಎಂದು ವಿಂಗಡಿಸುವವನಿಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ದರ್ಜೆ ಹಾಕುವ ಚಾಳಿ ಅಂಟಿಕೊಳ್ಳುತ್ತದೆ. ಹೆಂಡತಿ ಮಾಡಿದ ಉಪ್ಪಿಟ್ಟಿಗೆ ಒಮ್ಮೆ ಬಿ ಕೊಟ್ಟು, ಆಮೇಲೆ ಎರಡು ದಿನ ನಾನೇ ಉಪ್ಪಿಟ್ಟು ಮಾಡಿಕೊಂಡು ತಿಂದಿದ್ದೇನೆ. ಆದರೆ ಕ್ಯಾಮರಾ ವಿಷಯದಲ್ಲಿ ಮಾತ್ರ ಈ ಚಾಳಿ ಬಿಟ್ಟುಹೋಗಿದೆ. ಕೇಳಿದವರಿಗೆ "ಯಾರ ಫೋಟೋ ತೆಗೀತೀರಿ?" ಎಂದಷ್ಟೇ ಕೇಳಿ ಸುಮ್ಮನಾಗುತ್ತೇನೆ. ಸುಮ್ಮನಾಗುವುದಕ್ಕೆ ಒಂದು ಕಾರಣವಿದೆ.

ನನ್ನ ಬೀರುವಿನಲ್ಲಿ ಎರಡು ಹಳೆಯ ಡಿಜಿಟಲ್ ಕ್ಯಾಮರಾಗಳಿವೆ. ಲೆನ್ಸು ಬದಲಾಯಿಸುವ, ಕಣ್ಣನ್ನು ಕಿಂಡಿಗೆ ಒತ್ತಿ ನೋಡುವ ದೊಡ್ಡ ಜಾತಿಯವು. ರೀಲು ಹೋಗಿ ಕಾರ್ಡು ಬಂದ ಹೊಸತರಲ್ಲಿ ಬಂದವು. ಈಗ ಯಾರಿಗೂ ಬೇಡ. ಒಂದು ನನ್ನದು. ಇನ್ನೊಂದು ಅಕ್ಕನದು.

ಜಯಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಾಳೂರಿನ ಕಡೆ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದಳು. ಕೊಡೆ ಹಿಡಿದು, ಜಿಗಣೆಗೆ ಕಾಲಿಗೆ ಸುಣ್ಣ ಹಚ್ಚಿಕೊಂಡು ಎಸ್ಟೇಟಿನಿಂದ ಎಸ್ಟೇಟಿಗೆ ನಡೆದು, ಕೂಲಿ ಲೈನಿನ ಒಂದೊಂದೇ ಕೋಣೆಯ ಮನೆಗಳಲ್ಲಿ ಬಸುರಿಯರನ್ನೂ ಬಾಣಂತಿಯರನ್ನೂ ನೋಡಿ ಬರುವುದು ಅವಳ ಕೆಲಸ. ಕ್ಯಾಮರಾ ಹುಚ್ಚು ಅವಳಿಗೆ ಹತ್ತಿಸಿದವನು ನಾನೇ. ಕಳಸದ ಸ್ಟುಡಿಯೋದವರೊಬ್ಬರು ಬಳಸಿ ಬಿಟ್ಟಿದ್ದ ಕ್ಯಾಮರಾ ಒಂದನ್ನು ಅವಳು ತೆಗೆದುಕೊಂಡಳು. ಅದಕ್ಕೆ ಒಂದೇ ಒಂದು ಲೆನ್ಸು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಅವಳು ತೆಗೆಯುತ್ತಿದ್ದದ್ದೂ ಒಂದೇ: ತನ್ನ ಕೈಯಲ್ಲಿ ಹುಟ್ಟಿದ ಮಗುವಿನ ಮೊದಲ ದಿನದ ಪಟ. ಮೂಡಿಗೆರೆಯಲ್ಲಿ ಅದನ್ನು ಪ್ರಿಂಟ್ ಹಾಕಿಸಿ ತಾಯಿಗೆ ಕೊಡುತ್ತಿದ್ದಳು.

"ಇವ್ರೆಲ್ಲ ದೊಡ್ಡೋರಾದ್ಮೇಲೆ ತಾವು ಹುಟ್ಟಿದ್ದಕ್ಕೆ ಒಂದು ಸಾಕ್ಷಿ ಬೇಡ್ವನಾ?" ಎನ್ನುತ್ತಿದ್ದಳು.

ನನ್ನದು ಹಕ್ಕಿಗಳ ಹುಚ್ಚು. ಅದಕ್ಕೆ ತಕ್ಕ ಕ್ಯಾಮರಾ, ಅದಕ್ಕೆ ಸೋರೆಕಾಯಿಯಷ್ಟುದ್ದದ ಲೆನ್ಸು. ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ ಐದು ಚಿತ್ರ, ಖಟಖಟಖಟ ಎಂದು. ಹಾರಿಹೋಗುವುದನ್ನು ಹಿಡಿಯಲೆಂದೇ ಮಾಡಿದ ಯಂತ್ರ. ಅಕ್ಕನದ್ದು ಮಹಾ ನಿಧಾನ. ಒಂದು ತೆಗೆದು, ಉಸಿರುಬಿಟ್ಟು, ಯೋಚಿಸಿ ಇನ್ನೊಂದು. ಆದರೆ ಅದರ ಸದ್ದು ಮೆತ್ತಗೆ, ಯಾರೋ ತುಟಿ ಬಿಚ್ಚಿದಷ್ಟು. ಲೈನ್ ಮನೆಯ ಕತ್ತಲಲ್ಲಿ, ಇರುವ ಒಂದು ಕಿಟಕಿಗೂ ಗೋಣಿತಾಟು ಕಟ್ಟಿರುವ ಕಡೆ, ಫ್ಲಾಶ್ ಇಲ್ಲದೆ ಅದು ಮಗುವಿನ ಹುಬ್ಬಿನ ರೋಮವನ್ನೂ ತೋರಿಸುತ್ತಿತ್ತು. ಒಂದು ಸಲ ನನ್ನ ಕ್ಯಾಮರಾ ತೆಗೆದುಕೊಂಡು ಹೋಗಿ ಪ್ರಯತ್ನಿಸಿದಳು. ಮೂಲೆಗೆ ಒತ್ತಿ ನಿಂತರೂ ಸಿಕ್ಕಿದ್ದು ಮಗುವಿನ ಒಂದು ಕಿವಿ ಮಾತ್ರ. ಸದ್ದಿಗೆ ಮಗು ಎದ್ದು ಕಿರುಚಿತು.

"ನಿಂದೊಂದು ಕ್ಯಾಮರಾನೋ ಜೀಪೋ ಮಾರಾಯ" ಎಂದು ಹಿಂದಕ್ಕೆ ಕೊಟ್ಟಳು.

ನಾವಿಬ್ಬರೂ ಯಾವ ಕ್ಯಾಮರಾ ಮೇಲು ಎಂದು ವರ್ಷಗಟ್ಟಲೆ ಜಗಳವಾಡಿದ್ದೇವೆ. ನಾನು ವೇಗದ ಮಾತು ತೆಗೆದರೆ ಅವಳು ಬಣ್ಣದ ಮಾತು ತೆಗೆಯುತ್ತಿದ್ದಳು. ಬೂಷ್ಟಿನ ಮಾತು ಬಂದರೆ ಮಾತ್ರ ಇಬ್ಬರೂ ಒಂದೇ ಪಕ್ಷ. ಮಲೆನಾಡಿನಲ್ಲಿ ಜೂನ್ ಬಂತೆಂದರೆ ಲೆನ್ಸಿನ ಗಾಜಿನೊಳಗೂ ಬೂಷ್ಟು ಬೆಳೆಯುತ್ತದೆ. ನಾನು ನನ್ನದನ್ನು ಅಕ್ಕಿ ಡಬ್ಬಿಯಲ್ಲಿ ಹೂಳುತ್ತಿದ್ದೆ. ಅವಳು ಹಿಡಿ ಮುರಿದ ಹಳೆಯ ಲಸಿಕೆ ಪೆಟ್ಟಿಗೆಯಲ್ಲಿಟ್ಟು ಗಟ್ಟಿ ಮುಚ್ಚುತ್ತಿದ್ದಳು. ಎರಡು ಕ್ಯಾಮರಾಗಳೂ ಬೇರೆ ಬೇರೆ ಕಂಪನಿಯವು. ಇದರ ಲೆನ್ಸು ಅದಕ್ಕೆ ಕೂರುವುದಿಲ್ಲ, ಅದರ ಬ್ಯಾಟರಿ ಇದಕ್ಕೆ ಹಿಡಿಯುವುದಿಲ್ಲ. ಆಗ ಅದೊಂದು ತಮಾಷೆಯ ವಿಷಯವಾಗಿತ್ತು.

ಕುದುರೆಮುಖದ ಗಣಿ ನಿಂತು ಟೌನ್‌ಶಿಪ್ ಖಾಲಿಯಾಗುತ್ತಿದ್ದ ಕಾಲ. ಬೀಗ ಹಾಕಿದ ಮನೆಗಳ ಸಾಲು, ಬಾಗಿಲಿಲ್ಲದ ಅಂಗಡಿಗಳು, ಇವನ್ನೆಲ್ಲ ಚಿತ್ರ ಮಾಡಿಡಬೇಕೆಂದು ನನಗೆ ಹೊಳೆಯಿತು. ಸೋರೆಕಾಯಿ ಲೆನ್ಸಿಗೆ ಮನೆ ಹಿಡಿಸುವುದಿಲ್ಲ, ಮನೆಯ ಚಿಲಕ ಮಾತ್ರ ಹಿಡಿಸುತ್ತದೆ. ಅಕ್ಕನ ಕ್ಯಾಮರಾ ಕೇಳಿದೆ.

"ಒಂದೇ ವಾರ ನೋಡು. ಗಿರಿಜಂಗೆ ಎಂಟು ತಿಂಗ್ಳು ತುಂಬ್ತಾ ಬಂತು" ಎಂದು ಕೊಟ್ಟಳು.

ಗಿರಿಜೆಯನ್ನು ನಾನೂ ನೋಡಿದ್ದೆ. ಅಕ್ಕನ ಉಪಕೇಂದ್ರಕ್ಕೆ ಹತ್ತಿರದ ಎಸ್ಟೇಟಿನ ಲೈನಿನವಳು. ಮದುವೆಯಾಗಿ ಏಳು ವರ್ಷದ ಮೇಲೆ ಬಸುರಿ. ತಪಾಸಣೆಗೆ ಬಂದಾಗಲೆಲ್ಲ, "ನಮ್ ಪಾಪುದೂ ತೆಗೀತೀರಲ್ಲ ಸಿಸ್ಟರ್?" ಎಂದು ಕೇಳಿ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದಳು.

ಕುದುರೆಮುಖದ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಆದರೆ ಕ್ಯಾಮರಾ ನನ್ನ ಮೇಜಿನ ಮೇಲೆ ಹದಿನೈದು ದಿನ ಕೂತಿತು. ಕೊಡಬೇಕಾದ ವಸ್ತುವನ್ನು ಕೊಡದೆ ಇಟ್ಟುಕೊಳ್ಳುವುದಕ್ಕೆ ನನ್ನಂಥವರಿಗೆ ದುರುದ್ದೇಶವೇನೂ ಬೇಕಿಲ್ಲ. ನಾಳೆ ಎಂಬ ಒಂದು ಪದ ಸಾಕು. ಗುರುವಾರ ಆಫೀಸಿಗೆ ಅಕ್ಕನ ಫೋನು ಬಂತು.

"ಗಿರಿಜಂಗೆ ಹೆಣ್ಣಾಯ್ತು ಮಾರಾಯ, ನಿನ್ನೆ. ದಿನಕ್ಕೆ ಮುಂಚೆ ಆಗಿದೆ, ತುಂಬ ಸಣ್ಣಕ್ಕಿದೆ. ಕ್ಯಾಮರಾ ಎಲ್ಲಿ?"

"ಭಾನುವಾರ ಬರ್ತೀನಲ್ಲ ಅಕ್ಕ."

"ಬಸ್ ಕಂಡಕ್ಟ್ರ ಕೈಲಾದ್ರೂ ಕೊಟ್ ಕಳ್ಸು."

"ಕಂಡಕ್ಟ್ರ ಕೈಲಿ ಕ್ಯಾಮರಾ ಕೊಡಕ್ಕಾಗ್ತದಾ? ಬಿದ್ದುಗಿದ್ದು ಹೋದ್ರೆ? ಮೂರೇ ದಿನ ಅಲ್ವಾ."

ಅವಳು "ಸರಿ, ಮರೀಬೇಡ" ಎಂದಳು.

ನಾನು ಮರೆಯಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಎರಡೂ ಕ್ಯಾಮರಾ ಇದ್ದವು. ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದೆ. ಹಕ್ಕಿ ಸಿಕ್ಕರೆ ಎಂದು ನನ್ನ ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡು ಮುಂದಿನ ಬಸ್ಸು ಹತ್ತಿದೆ. ಇದನ್ನೆಲ್ಲ ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಆ ನೀರುದೋಸೆ ತಿನ್ನುತ್ತಿದ್ದ ಹೊತ್ತಿನಲ್ಲೇ ಅದು ಆಗಿದ್ದು ಎಂದು ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ.

ಉಪಕೇಂದ್ರಕ್ಕೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಲೈನಿನ ಕಡೆ ಕೈ ತೋರಿಸಿದರು. ಅಲ್ಲಿಗೆ ಹೋದಾಗ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಒಂದು ಜೀಪು ನಿಂತಿತ್ತು. ಲೈನಿನವರೆಲ್ಲ ಹೊರಗಿದ್ದರು. ಬೆಳಿಗ್ಗೆ ಮಗು ಹಾಲು ಬಿಟ್ಟಿತ್ತು, ಮೈ ತಣ್ಣಗಾಗುತ್ತಿತ್ತು. ಅಕ್ಕ ಜೀಪು ಮಾಡಿಸಿ, ಮಗುವನ್ನು ತನ್ನ ಎದೆಗೆ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟಿದ್ದಳು. ಬಾಳೂರು ದಾಟಿದ ಮೇಲೆ, ಎರಡನೇ ತಿರುವಿನಲ್ಲಿ ಜೀಪು ನಿಲ್ಲಿಸಲು ಹೇಳಿದಳಂತೆ. ಮಗುವಿನ ಉಸಿರು ನಿಂತಿತ್ತು. ಅಲ್ಲಿಂದಲೇ ತಿರುಗಿಸಿಕೊಂಡು ಬಂದಿದ್ದರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು.

"ತಂದ್ಯಾ?"

ಅವಳ ಕ್ಯಾಮರಾ ತೆಗೆದು ಕೊಟ್ಟೆ. ಅವಳು ಗುಂಡಿ ಸರಿಸಿದಳು. ಏನೂ ಆಗಲಿಲ್ಲ. ಮತ್ತೆ ಸರಿಸಿದಳು. ಆಮೇಲೆ ಕೆಳಗಿನ ಮುಚ್ಚಳ ತೆಗೆದು ನೋಡಿದಳು. ಬ್ಯಾಟರಿಯ ಜಾಗ ಖಾಲಿ ಇತ್ತು. ಬ್ಯಾಟರಿಯನ್ನು ತುಂಬಿಸಿಯೇ ಕೊಡಬೇಕೆಂದು ಹಿಂದಿನ ದಿನ ಚಾರ್ಜಿಗೆ ಹಾಕಿದ್ದೆ. ಚಿಕ್ಕಮಗಳೂರಿನ ನನ್ನ ಮನೆಯ ಗೋಡೆಯಲ್ಲಿ ಅದು ಹಸಿರು ದೀಪ ಹಚ್ಚಿಕೊಂಡು ಕೂತಿತ್ತು.

"ನಿನ್ ಕ್ಯಾಮರಾದ್ದು ಇದಕ್ಕೆ ಬರಲ್ವಾ?" ಎಂದು ಅಕ್ಕ ಕೇಳಿದಳು. ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

"ಇಲ್ಲ ಅಕ್ಕ."

"ಹಾಗಾದ್ರೆ ನಿಂದ್ರಲ್ಲೇ ತೆಗಿ. ಅವ್ಳು ಕೇಳ್ತಿದಾಳೆ."

"ಇದ್ರಲ್ಲಿ ಹತ್ರದ್ದು ಬರಲ್ಲ ಅಕ್ಕ. ಒಳಗೆ ಬೆಳಕೂ ಸಾಲಲ್ಲ."

"ದೂರ ಹೋಗಿ ತೆಗಿ" ಎಂದು ಅಕ್ಕ ಒಳಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ಗಿರಿಜೆ ಹೊರಗೆ ಬಂದಳು. ನಾಲ್ಕು ದಿನದ ಬಾಣಂತಿ. ಗೋಡೆ ಹಿಡಿದುಕೊಂಡು ಬಂದು, ಬೆಳಕಿರುವ ಕಡೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅಕ್ಕ ಮಗುವನ್ನು ಅವಳ ತೊಡೆಯ ಮೇಲಿಟ್ಟಳು. ಹಳದಿ ಬಟ್ಟೆಯಲ್ಲಿ ಸುತ್ತಿದ್ದರು, ಮುಖ ಕಾಣುತ್ತಿತ್ತು. ಗಂಡ ಮಹೇಶ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ, ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ.

ನಾನು ಹಿಂದೆ ನಡೆದೆ. ಐದು ಹೆಜ್ಜೆಗೆ ಬರೀ ಬಟ್ಟೆಯ ಮಡಿಕೆ ಕಂಡಿತು. ಹತ್ತು ಹೆಜ್ಜೆಗೆ ಮಗುವಿನ ಮುಖ, ಗಿರಿಜೆಯ ಎದೆ. ಹದಿನೈದನೇ ಹೆಜ್ಜೆಗೆ ಕಣ ಮುಗಿದು ಕಾಫಿ ಗಿಡ ಬೆನ್ನಿಗೆ ತಾಗಿತು. ಆಗ ಇಬ್ಬರೂ ಹಿಡಿಸಿದರು. ಅಷ್ಟು ಜನರ ಮುಂದೆ, ಒಬ್ಬ ತಾಯಿಯಿಂದ ಹೀಗೆ ಹಿಂದೆ ಹಿಂದೆ ಸರಿಯುತ್ತ ಹೋಗುವುದು ಎಂಥದ್ದೆಂದು ಹೇಳಲು ನನಗೆ ಬರುವುದಿಲ್ಲ. ಯಾರಾದರೂ ಒಬ್ಬರು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗುಂಡಿ ಒತ್ತಿದೆ. ಹಕ್ಕಿಗೆಂದು ಇಟ್ಟಿದ್ದ ವೇಗವನ್ನು ಬದಲಾಯಿಸಿರಲಿಲ್ಲ. ಖಟಖಟಖಟ ಎಂದು ಐದು ಚಿತ್ರ ಒಟ್ಟಿಗೆ ಹೋದವು. ಆ ಮೌನದಲ್ಲಿ ಅದು ಕಣದ ಆಚೆ ತುದಿಗೂ ಕೇಳಿತು. ಗಿರಿಜೆ ಬೆಚ್ಚಿಬಿದ್ದಳು. ಬೆಚ್ಚಿ, ಅಂಗೈ ತಂದು ಮಗುವಿನ ಕಿವಿ ಮುಚ್ಚಿದಳು.

ನಾನು ಕ್ಯಾಮರಾ ಕೆಳಗಿಳಿಸಿದೆ. ಮತ್ತೆ ತೆಗೆಯಲಾಗಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ಐದರಲ್ಲಿ ಮೊದಲ ಮೂರು ಅಲುಗಿ ಮಸುಕಾಗಿದ್ದವು. ಕೊನೆಯ ಎರಡು ಸ್ಪಷ್ಟವಾಗಿದ್ದವು. ಆ ಎರಡರಲ್ಲೂ ಆ ಕೈ ಇತ್ತು.

ಬಸ್ಸಿಗೆ ನಡೆಯುವಾಗ ಅಕ್ಕ ಜೊತೆಗೆ ಬಂದಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವಳು ಹೇಳಿದ್ದು, "ನಾನೂ ಇನ್ನೊಂದು ಬ್ಯಾಟ್ರಿ ಇಟ್ಕೊಳ್ಬೇಕಿತ್ತು." ತಪ್ಪನ್ನು ಹಾಗೆ ಅರ್ಧ ಹಂಚಿಕೊಂಡದ್ದು ನನಗೆ ಇವತ್ತಿಗೂ ಸಹಿಸಲಾಗಿಲ್ಲ. ಗುರುವಾರದ ಫೋನಿನ ವಿಷಯ ಅವಳು ಆಮೇಲೆ ಯಾವತ್ತೂ ಎತ್ತಲಿಲ್ಲ. ಶುಕ್ರವಾರ, ಶನಿವಾರ ಆ ಮಗು ಕಣ್ಣು ಬಿಟ್ಟಿತ್ತು, ಬೆಳಕಿನ ಕಡೆ ತಿರುಗಿ ನೋಡುತ್ತಿತ್ತು ಎಂಬುದನ್ನು ಮಾತ್ರ ಒಮ್ಮೆ, ಬೇರೆ ಏನೋ ಹೇಳುತ್ತ, ಬಾಯಿತಪ್ಪಿ ಹೇಳಿದಳು.

ಪ್ರಿಂಟನ್ನು ಅಕ್ಕನೇ ಗಿರಿಜೆಗೆ ಕೊಟ್ಟಳು. ಮುಂದಿನ ವರ್ಷ ಗಿರಿಜೆ, ಮಹೇಶ ಎಸ್ಟೇಟು ಬಿಟ್ಟು ಮೂಡಿಗೆರೆಯ ಹತ್ತಿರ ಬೇರೆ ಎಸ್ಟೇಟಿಗೆ ಹೋದರು. ಅಕ್ಕ ಮಕ್ಕಳ ಪಟ ತೆಗೆಯುವುದನ್ನು ಬಿಡಲಿಲ್ಲ, ನಿವೃತ್ತಳಾಗುವವರೆಗೂ ತೆಗೆದಳು. ಈಗ ವಸ್ತಾರೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. "ಇನ್ನು ಯಾರ್ದು ತೆಗೀಲಿ, ನೀನೇ ಇಟ್ಕೋ" ಎಂದು ಕ್ಯಾಮರಾವನ್ನು ನನಗೆ ಕೊಟ್ಟಳು. ನಾನು ಹಕ್ಕಿ ಬಿಟ್ಟೆನೇ ಎಂದು ನೀವು ಕೇಳಬಹುದು. ಇಲ್ಲ, ಮನುಷ್ಯ ಅಷ್ಟು ಸುಲಭವಾಗಿ ಸುಧಾರಿಸುವುದಿಲ್ಲ. ಎರಡು ತಿಂಗಳು ಬಿಟ್ಟಿದ್ದೆ. ಮೂರನೆಯ ತಿಂಗಳು ಮಂಗಟ್ಟೆ ಹಕ್ಕಿ ಬಂದಿದೆಯಂತೆ ಎಂದು ಕೇಳಿ ಮತ್ತೆ ಹೋದೆ.

ಮೂರು ನಾಲ್ಕು ವರ್ಷದ ಮೇಲೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ, "ಸರ್, ಸಿಸ್ಟರ್ ತಮ್ಮ ಅಲ್ವಾ ನೀವು?" ಎಂದು ಒಬ್ಬಳು ಎದುರು ನಿಂತಳು. ಗಿರಿಜೆ. ಅವಳಿಗೆ ನನ್ನ ಮೇಲೆ ಯಾವ ದೂರೂ ಇರಲಿಲ್ಲ. ಬ್ಯಾಟರಿಯ ಕಥೆ ಅವಳಿಗೆ ಗೊತ್ತೇ ಇರಲಿಲ್ಲ. ಅವಳದ್ದೊಂದು ಕೆಲಸವಿತ್ತು.

"ಆ ಫೋಟೋ ಇನ್ನೊಂದ್ಸಲ ಮಾಡ್ಕೊಡಕ್ಕಾಗ್ತದಾ ಸರ್? ಥಂಡಿಗೆ ಕಲೆ ಬಿದ್ದಿದೆ. ಆಮೇಲೆ, ಅದ್ರಲ್ಲಿ ನನ್ನ ತೆಗ್ದು ಅವ್ಳ ಒಬ್ಳನ್ನೇ ಮಾಡ್ಬೇಕು."

"ಯಾಕಮ್ಮ? ನೀನೂ ಇರ್ಲಿ."

"ನಾನಿದ್ರೆ ನೋಡ್ದೋರೆಲ್ಲ ನನ್ ಮುಖನೇ ನೋಡ್ತಾರೆ ಸರ್. ಅಯ್ಯೋ ಪಾಪ ಅಂತಾರೆ. ಅವ್ಳನ್ನ ಯಾರೂ ನೋಡಲ್ಲ."

ಆಗ ಅವಳಿಗೆ ಹೇಳಬೇಕಿತ್ತು, ಬ್ಯಾಟರಿಯ ವಿಷಯ. ಬಾಯಿಯವರೆಗೆ ಬಂದಿತ್ತು. ಅದನ್ನು ಹೇಳಿದ್ದರೆ ನಾನು ಹಗುರಾಗುತ್ತಿದ್ದೆ, ಅವಳಿಗೆ ಒಂದು ಹೊಸ ಭಾರವಾಗುತ್ತಿತ್ತು. ಹೇಳಲಿಲ್ಲ. ಅದು ಕರುಣೆಯೋ ಹೇಡಿತನವೋ ನನಗೆ ಈಗಲೂ ಖಚಿತವಿಲ್ಲ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದೆ. ಮೊದಲು ಬಾಗಿಲು ಕತ್ತರಿಸಿದೆ, ಆಮೇಲೆ ಗಿರಿಜೆಯ ಮುಖ, ಆಮೇಲೆ ಅವಳ ಹೆಗಲು. ಅವತ್ತು ನಡೆದ ಹದಿನೈದು ಹೆಜ್ಜೆಗಳನ್ನು ಹೀಗೆ ಒಂದೊಂದಾಗಿ ಹಿಂದಕ್ಕೆ ನಡೆದು ಮಗುವಿನ ಹತ್ತಿರ ಹೋದೆ. ಚಿತ್ರ ಮರಳು ಮರಳಾಗಿತ್ತು, ಆದರೂ ಮುಖ ನಿಂತಿತು. ತಾಯಿಯ ಕೈಯನ್ನು ಮಾತ್ರ ತೆಗೆಯಲಾಗಲಿಲ್ಲ. ಅದನ್ನು ಕತ್ತರಿಸಿದರೆ ಮಗುವಿನ ಕೆನ್ನೆಯೂ ಹೋಗುತ್ತಿತ್ತು.

ಸಂತೆಯ ದಿನ ಪ್ರಿಂಟು ತೆಗೆದುಕೊಂಡು ಹೋದೆ. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಗಿರಿಜೆ ಸೆರಗಿಗೆ ಕೈ ಒರೆಸಿಕೊಂಡು ಪಟ ಇಸಿದುಕೊಂಡಳು.

"ಕೈ ತೆಗೆಯಕ್ಕಾಗ್ಲಿಲ್ಲಮ್ಮ" ಎಂದೆ.

"ಕೈ ಇರ್ಲಿ ಸರ್."

ತುಂಬ ಹೊತ್ತು ನೋಡಿದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಹಸಿಮೆಣಸಿನಕಾಯಿಯ ರಾಶಿ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ನಕ್ಕಳು. ಅಳುವೇ ಇರಬೇಕೆಂದು ತಿರುಗಿದರೆ, ಅಲ್ಲ, ನಗುವೇ.

"ಇಲ್ನೋಡಿ ಸರ್, ಮೂಗು. ಥೇಟ್ ಅವರಪ್ಪಂದು. ಅವತ್ತು ನೋಡೇ ಇರ್ಲಿಲ್ಲ ನಾನು" ಎಂದು ಪಟವನ್ನು ಮಹೇಶನಿಗೆ ಕೊಟ್ಟಳು.

ಅವತ್ತು ಬೆನ್ನು ಮಾಡಿ ನಿಂತಿದ್ದವನು ಇವತ್ತು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಪಟವನ್ನು ಒಂದು ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ತನ್ನ ಮೂಗನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.