ಮಲ್ಲು ಒಬ್ಬನೇ ಹಾಡಿದ ಸಂಜೆ

ನಿನ್ನೆ ಇಂಡಿಯ ಪೇಟೆಯಲ್ಲಿ ಅಂಗಡಿಯವನು ಡಬ್ಬಿಯೊಂದರ ಮುಚ್ಚಳ ತೆಗೆದಾಗ ಜ್ಯೇಷ್ಠಮಧುವಿನ ವಾಸನೆ ಬಂತು. ನಾನು ಹೋದದ್ದು ಜೀರಿಗೆಗೆ. ಏನೂ ಕೊಳ್ಳದೆ ಹೊರಬಂದೆ. ನಿಮಗೂ ಹೀಗಾಗಿರಬಹುದು, ಯಾವುದೋ ವಾಸನೆ ಯಾರನ್ನೋ ಕರೆತಂದು ಎದುರು ನಿಲ್ಲಿಸಿಬಿಡುತ್ತದೆ. ನನ್ನೆದುರು ನಿಂತವನು ಅಕ್ಕನ ಮಗ ಮಲ್ಲು. ಗಂಟಲಿಗೆ ಒಳ್ಳೆಯದೆಂದು ಅವನು ಆ ಕಡ್ಡಿಯನ್ನು ಸದಾ ಜಗಿಯುತ್ತಿದ್ದ.

ಗಂಟಲೇ ಅವನ ಅನ್ನ. ಪುಣೆಗೆ ಓದಲು ಹೋದವನು ಹೆವಿ ಮೆಟಲ್ ಬ್ಯಾಂಡೊಂದರ ಗಾಯಕನಾದ. ಬ್ಯಾಂಡು ದೊಡ್ಡ ಹೆಸರು ಮಾಡಿತು. ಸಾಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಸಿ ಮುದುಕನಾದ ಮಾಸ್ತರ ನಾನು. ಅವನ ಹಾಡನ್ನು ಮೊದಲ ಸಲ ಕೇಳಿದಾಗ ಫೋನು ಕೆಟ್ಟಿದೆಯೆಂದೇ ತಿಳಿದು ರಿಪೇರಿಗೆ ಒಯ್ದೆ. ರಿಪೇರಿಯವನು ಕಿವಿಗೆ ಹಿಡಿದು ನೋಡಿ, "ಫೋನ್ ಚಲೋ ಐತ್ರಿ ಸರ. ಹಾಡೇ ಹಿಂಗ ಐತಿ" ಎಂದ.

ಶಾಂತಕ್ಕ ಮಾತ್ರ ಮಗನ ಹಾಡನ್ನು ಕೇಳಿದ್ದೇ ಇಲ್ಲ. ಟಿವಿಯಲ್ಲಿ ಅವನು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಕಾರಣ ಹಾಡಲ್ಲ.

ಮಲ್ಲು ಸಣ್ಣವನಿದ್ದಾಗ ಭಾವನವರು ಕಾಲುವೆಯ ಕೆಲಸದ ಮೇಲೆ ಮುದ್ದೇಬಿಹಾಳದಲ್ಲಿದ್ದರು. ಒಂದು ಮಧ್ಯಾಹ್ನ ಮಲ್ಲು ಮತ್ತು ಅವನ ತಮ್ಮ ಶಿವು ಸಾಲಿಯಿಂದ ನೆಟ್ಟಗೆ ಕಾಲುವೆಗೆ ಹೋದರು. ಶಿವು ಕಾಲು ಜಾರಿ ನೀರಿಗೆ ಬಿದ್ದ. ಮಲ್ಲುವಿಗೆ ಈಜು ಬರುತ್ತಿರಲಿಲ್ಲ. ಅವನೊಬ್ಬನೇ ಮನೆಗೆ ಬಂದು ಬಾಗಿಲಲ್ಲಿ ನಿಂತ. ನಾನು ಅಂದು ಅಲ್ಲೇ ಇದ್ದೆ. ಶಿವುವಿನ ದೇಹ ಸಿಕ್ಕ ಮೇಲೆ ಅಕ್ಕ ಮಲ್ಲುವಿನ ಭುಜ ಹಿಡಿದು ಅಲುಗಿಸಿದಳು: "ಸುತ್ತ ಹೊಲದಾಗ ಮಂದಿ ಇದ್ರು. ಒಮ್ಮೆರೆ ಕೂಗಬಾರದಿತ್ತೇನೋ?"

ಹುಡುಗ ಬಾಯಿ ತೆರೆದ. ಮಾತು ಹೊರಡಲಿಲ್ಲ.

ಆ ಮೌನವನ್ನೇ ಅಕ್ಕ, ಅವನು ಕೂಗಲೇ ಇಲ್ಲವೆಂಬ ಉತ್ತರವೆಂದು ತಿಳಿದಳು. ಆಮೇಲೆ ಸಂಸಾರ ಇಂಡಿಗೆ ಬಂತು. ಅಕ್ಕ ಅವನಿಗೆ ಬಡಿಸಿದಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದಳು, ಆದರೆ ಅವನ ಮುಖ ನೋಡಿ ಮಾತಾಡಲಿಲ್ಲ. ಭಾವನವರು ತೀರಿಕೊಂಡ ದಿನವೂ.

ಹೋದ ವರ್ಷ ಮಲ್ಲು ಬ್ಯಾಂಡು ಬಿಟ್ಟ. ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ನನಗೆ ಫೋನು ಮಾಡಿದ. "ಒಂದು ಹಾಡು ಬರದೇನಿ ಮಾಮಾ. ಬ್ಯಾಂಡಿನವರು ಬ್ಯಾಡ ಅಂದ್ರು. ಮಂದಿ ನಿನ್ನ ಅಬ್ಬರ ಕೇಳಾಕ ಬರ್ತಾರ, ನಿನ್ನ ಮನಿ ಕಥಿ ಅಲ್ಲ ಅಂದ್ರು. ಬಿಟ್ಟುಬಂದೆ. ಇನ್ನ ನಾ ಒಬ್ಬನೇ ಹಾಡ್ತೇನಿ." ಮೊದಲ ಕಾರ್ಯಕ್ರಮ ಪುಣೆಯಲ್ಲಲ್ಲ, ಮುದ್ದೇಬಿಹಾಳದ ಕಲ್ಯಾಣ ಮಂಟಪದಲ್ಲಿ. "ಯವ್ವನ್ನ ಕರಕೊಂಡು ಬಾ."

ನಾನು ಅಂಜುತ್ತಲೇ ಹೇಳಿದೆ. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅಕ್ಕ ತಲೆಯೆತ್ತದೆ, "ಯಾವಾಗ ಹೊಂಡೂದು?" ಎಂದಳು.

ಮನಗೂಳಿಯಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದರೆ ಅವಳು ಇಳಿಯಲಿಲ್ಲ. ಬಸವನ ಬಾಗೇವಾಡಿ ದಾಟಿದ ಮೇಲೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕೂತಳು. ನಿದ್ದೆಯಲ್ಲ ಅದು.

ಮಂಟಪದ ತುಂಬ ಕರಿ ಟೀ ಶರ್ಟಿನ ಹುಡುಗರು. ಸೊಲ್ಲಾಪುರ, ವಿಜಯಪುರದಿಂದೆಲ್ಲ ಬಂದಿದ್ದರು. ನಾನು ಇಸ್ತ್ರಿ ಅಂಗಿ ತೊಟ್ಟು, ಕಿವಿಗಿರಲೆಂದು ಹತ್ತಿ ಒಯ್ದಿದ್ದೆ. ಅದು ಬೇಕಾಗಲಿಲ್ಲ. ಮಲ್ಲು ಒಂದು ಗಿಟಾರು ಹಿಡಿದು ಮೆಲ್ಲಗೆ ಹಾಡತೊಡಗಿದ. ಹುಡುಗರು ಬ್ಯಾಂಡಿನ ಹಳೆಯ ಹಾಡು ಬೇಕೆಂದು ಗದ್ದಲ ಎಬ್ಬಿಸಿದರು. "ಅವು ಬ್ಯಾಂಡಿನ ಹಾಡು. ಇವು ನನ್ನವು," ಎಂದ. ಸಿಳ್ಳೆ ಹೊಡೆದರು, ನಕ್ಕರು, ಗುಂಪು ಗುಂಪಾಗಿ ಎದ್ದು ಹೋದರು. ಕಡೆಯ ಹಾಡಿನ ಹೊತ್ತಿಗೆ ಖಾಲಿ ಕುರ್ಚಿಗಳೇ ಹೆಚ್ಚಿದ್ದವು.

ಆ ಹಾಡು ಕಾಲುವೆಯದು. ನೀರೆತ್ತುವ ಎಂಜಿನ್ನಿನ ಸಪ್ಪಳ ದೊಡ್ಡದಿತ್ತು, ನನ್ನ ಗಂಟಲು ಸಣ್ಣದಿತ್ತು, ಎಂದು ಹಾಡಿದ. ಆಮೇಲೆ ಗಿಟಾರು ಕೆಳಗಿಟ್ಟ. ಮೈಕಿನಿಂದ ಹಿಂದೆ ಸರಿದು, "ಶಿವೂ..." ಎಂದು ಕೂಗಿದ. ಮತ್ತೆ ಕೂಗಿದ. ದನಿ ಒಡೆಯಿತು. ಒಡೆದ ದನಿಯಲ್ಲೇ ಕೂಗಿದ. ಕೊನೆಗೆ ಬಾಯಿ ತೆರೆದೇ ಇತ್ತು, ಬರೀ ಗಾಳಿ ಬರುತ್ತಿತ್ತು.

ಅಕ್ಕ ಗೋಡೆ ಹಿಡಿದು ವೇದಿಕೆಯ ಮೆಟ್ಟಿಲು ಹತ್ತಿದಳು. ಮಗನ ಗಂಟಲ ಮೇಲೆ ಅಂಗೈ ಇಟ್ಟಳು.

"ಅವತ್ತು ಹಿಂಗ ಆಗಿತ್ತೇನು?"

ಮಲ್ಲು ಹೌದೆಂದು ತಲೆಯಾಡಿಸಿದ.

"ಆಮ್ಯಾಲರೆ ಯಾಕ ಹೇಳಲಿಲ್ಲ?"

ಅವನು ಗೊಗ್ಗರು ದನಿಯಲ್ಲಿ ಹೇಳಿದ: "ದನಿ ಬರೂದ್ರಾಗ ನೀ ಕೇಳೂದ ಬಿಟ್ಟಿದ್ದಿ, ಯವ್ವಾ."

ಅಂದು ಅವರಿಬ್ಬರೂ ತಬ್ಬಿಕೊಂಡು ಅತ್ತರು, ಎಲ್ಲ ತಿಳಿಯಾಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಅಕ್ಕ ಕೈ ತೆಗೆದು, ಇಳಿದು ಬಂದು ಕಾರಿನಲ್ಲಿ ಕೂತಳು. ಮಲ್ಲು ಪುಣೆಗೆ ಮರಳಿದ. ಅಂದು ಕೆಟ್ಟ ಗಂಟಲು ಇನ್ನು ಹಾಡಿಗೆ ಒದಗದೆಂದು ಡಾಕ್ಟರರು ಹೇಳಿದ್ದಾರೆ. ಈಗ ಅವನು ಬೇರೆಯವರ ಹಾಡುಗಳ ಧ್ವನಿಮುದ್ರಣ ನೋಡಿಕೊಳ್ಳುತ್ತಾನೆ. ವಾರಕ್ಕೊಮ್ಮೆ ತಾಯಿಗೆ ಫೋನು ಮಾಡುತ್ತಾನೆ. ಊಟ ಆತೇನು, ಆತು, ಇಷ್ಟೇ ಮಾತು.

ನಿನ್ನೆ ಪೇಟೆಯಿಂದ ಬರಿಗೈಲಿ ಅಕ್ಕನ ಮನೆಗೆ ಹೋದೆ. ಅವನ ಫೋನು ಆಗಷ್ಟೇ ಮುಗಿದಿತ್ತು. ಈಗ ಮನಸ್ಸು ಹಗುರಾಗಿರಬೇಕಲ್ಲ ಎಂದು, ದಡ್ಡನಂತೆ, ಕೇಳಿಬಿಟ್ಟೆ. ಅಕ್ಕ ಫೋನು ಕೆಳಗಿಟ್ಟು ನನ್ನತ್ತ ತಿರುಗಿದಳು.

"ಇಷ್ಟ ವರ್ಷ ಅವನ ಮ್ಯಾಲಿನ ಸಿಟ್ಟಿನಾಗ ಜೀವ ಹಿಡದಿದ್ದೆ ತಮ್ಮಾ," ಎಂದಳು. "ಈಗ ಯಾರ ಮ್ಯಾಲ ಸಿಟ್ಟ ಮಾಡ್ಲಿ ಹೇಳು."