ಕರಿದಾರದ ಕೆಳಗಿನ ಉಣ್ಣಿಗಳು

ಮೊದಲ ಬಾಣಂತನ ಮುಗಿಸಿ ನಾನು ಹುಲಕೋಟಿಯ ತವರಿನಿಂದ ಅಡರಕಟ್ಟಿಯ ಗಂಡನ ಮನೆಗೆ ಮರಳುವಾಗ ಅಪ್ಪ ತೊಟ್ಟಿಲಿನ ಜೊತೆಗೆ ಒಂದು ಜರ್ಸಿ ಆಕಳನ್ನೂ ಕಳಿಸಿದ. ಮಗಳಿಗೆ, ಕೂಸಿಗೆ ಹಾಲಿನ ಕೊರತೆ ಆಗಬಾರದೆಂದು ಹಾಗೆ ಆಕಳು ಕೊಡುವ ರೂಢಿ ನಮ್ಮ ಮನೆತನದಲ್ಲಿತ್ತು. ಎಂಬತ್ತರ ದಶಕದ ಆ ಆರಂಭದಲ್ಲಿ ಅಡರಕಟ್ಟಿಯ ನಮ್ಮ ಓಣಿಗೆ ಜರ್ಸಿ ಎಂದರೆ ಹೊಸದು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೊರಡುವಾಗ ಅವ್ವ ಅದರ ಕೊರಳಿಗೆ ಕುರಿಗೂದಲಿನ ದಪ್ಪ ಕರಿದಾರ ಸುತ್ತಿ, ಕವಡೆ ಪೋಣಿಸಿ ಕಟ್ಟಿದ್ದಳು, ದೃಷ್ಟಿ ತಾಗದಿರಲೆಂದು. ಓಣಿಯ ಹೆಂಗಸರೆಲ್ಲ ಬಂದು ಕೆಚ್ಚಲು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡು ಹೋಗುವರು. ಅವರು ಹೋದದ್ದೇ ತಡ, ನಾನು ದಾರದ ಗಂಟು ಜಗ್ಗಿ ನೋಡುವೆ. ನಾನು ಮ್ಯಾಟ್ರಿಕ್ ಪಾಸಾದವಳು ಬೇರೆ! ಆ ಜಂಬವೂ ಈ ಭಯವೂ ನನ್ನೊಳಗೆ ಜಗಳವಿಲ್ಲದೆ ಇದ್ದವು.

ಅತ್ತೆಯವರ ಚಿಂತೆಯೇ ಬೇರೆ. ದಿನಾ ಬೆಳಿಗ್ಗೆ ಎತ್ತುಗಳ ಮೈಯಿಂದ ಉಣ್ಣಿ ಕಿತ್ತು ಕೆಂಡಕ್ಕೆ ಹಾಕುವುದು ಅವರ ಕೆಲಸ. ಆಕಳನ್ನು ಆ ಎತ್ತುಗಳ ಪಕ್ಕದಲ್ಲೇ ಕಟ್ಟಿದ್ದೆವು.

“ಆ ದಾರ ಬಿಚ್ಚವಾ. ಅದರ ಬುಡಕ ಉಣ್ಣಿ ಸೇರತಾವು. ಇದರ ತೊಗಲು ತೆಳು ಐತಿ,” ಎಂದರು ಒಮ್ಮೆ.

“ಮುಟ್ಟಬ್ಯಾಡ್ರಿ ಅತ್ತಿ. ನಮ್ಮವ್ವ ಕಟ್ಟ್ಯಾಳ,” ಎಂದೆ ನಾನು. ಅವರು ಮತ್ತೆ ಆಕಳ ಹತ್ತಿರ ಹೋಗಲಿಲ್ಲ.

ತಿಂಗಳೊಳಗೆ ಆಕಳು ಮೇವು ಬಿಟ್ಟಿತು. ಕಿವಿ ಮುಟ್ಟಿದರೆ ಸುಡುತ್ತಿತ್ತು. ಮರುದಿನ ಉಚ್ಚೆ ಕೆಂಪಗೆ, ಹಾಲಿಲ್ಲದ ಚಹಾದ ಬಣ್ಣದಲ್ಲಿ ಬಿತ್ತು. ತವರಿನ ಆಕಳು ನನ್ನ ಕೈಯಲ್ಲಿ ಸತ್ತರೆ ಅಪ್ಪನಿಗೆ ಯಾವ ಮುಖ ತೋರಿಸಲಿ? ನನ್ನ ನಾಲಿಗೆಗೆ ಹಿಡಿತವೇ ಇರಲಿಲ್ಲ. ಗಂಡನ ಮುಂದೆ, ಅತ್ತೆಗೆ ಕೇಳಲೆಂದೇ ಅಂದುಬಿಟ್ಟೆ: “ಮನ್ಯಾಗಿನವರ ಕಣ್ಣ ತಾಗಿದ್ರ ದಾರ ಏನ ಮಾಡೀತು?”

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಮಗನಿಗೆ, “ಲಗೂನ ಲಕ್ಷ್ಮೇಶ್ವರಕ್ಕ ಹೋಗಿ ದನದ ಡಾಕ್ಟರನ್ನ ಕರಕೊಂಡ ಬಾ,” ಎಂದರು.

ಡಾಕ್ಟರು ಕಣ್ಣಿನ ರೆಪ್ಪೆ ಮಗುಚಿ ನೋಡಿದರು, ಉಚ್ಚೆ ನೋಡಿದರು. ಆಮೇಲೆ ನನ್ನನ್ನು ಕೇಳದೆಯೇ ಕತ್ತರಿಯಿಂದ ಕರಿದಾರ ಕತ್ತರಿಸಿದರು. ಅದರ ಕೆಳಗೆ ತೊಗಲು ಹಸಿಹುಣ್ಣಾಗಿತ್ತು. ರಕ್ತ ಕುಡಿದ ಉಣ್ಣಿಗಳು ಔಡಲ ಬೀಜದಂತೆ ಸಾಲಾಗಿ ಕಚ್ಚಿಕೊಂಡಿದ್ದವು.

“ಈ ಹುಳ ಕಡದ್ರ ಜ್ವರ ಬರತೈತ್ರಿ. ನಿಮ್ಮ ಎತ್ತು ಕರು ಇದ್ದಾಗಿಂದ ಕಡಿಸಿಕೊಂಡು ತಡಕೊಳ್ಳೂದ ಕಲತಾವು. ಇದಕ್ಕ ಆಗೂದಿಲ್ಲ. ಜರ್ಸಿ ಬಂದ ಊರಾಗೆಲ್ಲಾ ಈಗ ಇದ ಹಣೇಬಾರ. ಮೊನ್ನೆ ಶಿಗ್ಲಿಯೊಳಗ ಎರಡ ಹೋದ್ವು,” ಎಂದು ಹಳದಿ ಬಣ್ಣದ ಇಂಜೆಕ್ಷನ್ ಚುಚ್ಚಿದರು.

ಅತ್ತೆ ಎರಡು ದಿನ ಆಕಳ ಬಳಿಯಿಂದ ಏಳಲಿಲ್ಲ. ಕಿವಿಯೊಳಗಿಂದ, ತೊಡೆಯ ಸಂದಿಯಿಂದ ಒಂದೊಂದೇ ಉಣ್ಣಿ ಕಿತ್ತರು. ಉಣ್ಣಿ ಮೊಟ್ಟೆ ಇಡುವ ಜಾಗವೆಂದು ಗೋಡೆಯ ಬಿರುಕುಗಳಿಗೆಲ್ಲ ಸುಣ್ಣ ಬೆರೆಸಿದ ಮಣ್ಣು ಮೆತ್ತಿದರು. ನಾನು ಪಕ್ಕದಲ್ಲಿ ಮಣ್ಣು ಕಲಸಿ ಕೊಡುತ್ತಿದ್ದೆ. ತಪ್ಪಾಯಿತು ಎನ್ನಲೂ ಆಗದೆ ನಾಚಿಕೆಯಿಂದ ಸತ್ತೇ ಹೋಗಿದ್ದೆ.

ಮೂರನೆಯ ದಿನ ಉಚ್ಚೆ ತಿಳಿಯಾಯಿತು. ಮಧ್ಯಾಹ್ನ ಆಕಳು ನಾಲ್ಕು ಎಸಳು ಹಸಿಮೇವು ತಿಂದು, ಮಲಗಿ ಮೆಲುಕು ಹಾಕತೊಡಗಿತು. ನನಗೆ ಗೊಳೋ ಎಂದು ಅಳು ಬಂದುಬಿಟ್ಟಿತು.

“ಬದಕೇತಲ್ಲಾ, ಈಗ್ಯಾಕ ಅಳತೀ?” ಎಂದು ಬೈದು, ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸುದ್ದಿ ಕೇಳಿದ ಅಪ್ಪ ಮರುದಿನವೇ ಬಸ್ಸು ಹತ್ತಿ ಬಂದ. ಚಪ್ಪಲಿ ಬಿಡುವ ಮೊದಲೇ, “ಏನಾಗಿತ್ರಿ ಬೀಗತಿಯವರ?” ಎಂದು ಕೇಳಿದ. ನಾನು ಆಡಿದ ಮಾತನ್ನು ಅತ್ತೆ ಹೇಳಿದರೆ ಅಪ್ಪ ತಲೆ ತಗ್ಗಿಸಿಕೊಂಡು ಹೋಗಬೇಕಾಗುತ್ತಿತ್ತು.

ಅತ್ತೆ ಕಾಲಿಗೆ ನೀರು ಕೊಡುತ್ತ ಹೇಳಿದರು: “ಉಣ್ಣಿ ಜ್ವರ ಬಂದಿತ್ರಿ ಬೀಗರ. ದಾರದ ಬುಡಕ ಸೇರಿದ್ವು. ನಾವಿಬ್ರೂ ನೋಡಲಿಲ್ಲ.”

ನಾನು ಚಹಾ ಮಾಡುವ ನೆವದಲ್ಲಿ ಒಳಗೆ ಓಡಿ, ಒಲೆಯ ಮುಂದೆ ಕುಳಿತು, ನಮ್ಮತ್ತೆ ನೂರು ವರ್ಷ ಬದುಕಲಿ ಎಂದು ದೇವರಿಗೆ ಕೈ ಮುಗಿದೆ. ಸೊಸೆಯಾಗಿ ಬಂದ ಮೇಲೆ ಅವರಿಗಾಗಿ ನಾನು ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು.